ಮಾಮಾನ ಹಿಂದೆ, ಕಡಲ ದಂಡೆಯ ಏರಿನಲ್ಲಿ

ನಮ್ಮ ಕಡೆ ಸೈಕಲ್ ಮೇಲೆ ಹಿರಿಯರನ್ನು ದಾಟಿ ಹೋಗುವುದಿಲ್ಲ. ಎದುರಿಗೆ ಬಂದರೆ ಇಳಿದು ನಿಲ್ಲಬೇಕು, ಮುಂದೆ ಹೋಗುತ್ತಿದ್ದರೆ ಹಿಂದೆಯೇ ಬರಬೇಕು. ಈಗ ಮೋಟಾರ್‌ಸೈಕಲ್ ಓಡಿಸುವವರು ಇದನ್ನೆಲ್ಲ ಗಾಳಿಗೆ ತೂರಿದ್ದಾರೆ. ಸುರಪುರದ ಕಲ್ಲುಗುಡ್ಡಗಳ ನಡುವೆ ಸೈಕಲ್ ಕಲಿತ ನನಗೆ ಮಾತ್ರ ಐವತ್ತು ದಾಟಿದರೂ ಆ ರೂಢಿ ಬಿಟ್ಟುಹೋಗಿಲ್ಲ. ಕಾರವಾರದಿಂದ ಭಟ್ಕಳದ ಕಡೆಗೆ ದಿನಗಟ್ಟಲೆ ನಾನು ಮಾಮಾನ ಹಿಂದೆಯೇ ಸೈಕಲ್ ಹೊಡೆದೆನೆಂದು ಕೇಳಿದವರು ನನ್ನ ಮರ್ಯಾದೆಯನ್ನು ಮೆಚ್ಚಿಕೊಳ್ಳುತ್ತಾರೆ. ಮೆಚ್ಚುವಂಥದ್ದೇನೂ ಅದರಲ್ಲಿ ಇರಲಿಲ್ಲ.

ಮಾಮಾ ಎಂದರೆ ನನ್ನ ಅಕ್ಕನ ಗಂಡ. ಶಹಾಪುರದಲ್ಲಿ ಮನೆ. ಶಿರವಾಳದ ಕಡೆಯ ಹಳ್ಳಿಗಳಿಗೆ ಸೈಕಲ್ ಮೇಲೆ ಟಪಾಲು ಹಂಚಿಯೇ ನಿವೃತ್ತರಾದವರು. ಆ ಹಳ್ಳಿಗಳಿಂದ ಕಡಲ ಕಡೆ ದುಡಿಯಲು ಹೋದವರು ಮನೆಗೆ ಪತ್ರ ಹಾಕುತ್ತಿದ್ದ ಕಾಲವದು. ಕಾರವಾರ, ಅಂಕೋಲಾ, ಕುಮಟಾ, ಹೊನ್ನಾವರ, ಭಟ್ಕಳ. ಮಸಿ ಹರಡಿದ ಮುದ್ರೆಗಳಲ್ಲಿ ಓದಿದ ಈ ಊರುಗಳನ್ನು ಒಂದೊಂದಾಗಿ ಸೈಕಲ್ ಮೇಲೆ ನೋಡಬೇಕೆಂಬುದು ಅವರ ಹಳೆಯ ಆಸೆ. "ಮೊದಲ ಬಾಗಲದ ಚಿಲಕಾ ಹಾಕಸ್ರಿ, ಆಮ್ಯಾಲ ಸಮುದ್ರ ನೋಡಾಕ ಹೋಗೀರಂತ" ಎಂದು ಅಕ್ಕ ಪ್ರತಿ ಸಲ ತಡೆಯುತ್ತಿದ್ದಳು. ಅವಳು ತೀರಿಕೊಂಡ ಮೂರನೆಯ ವರ್ಷ, ದೀಪಾವಳಿ ರಜೆ ಹತ್ತಿರ ಬಂದಾಗ ಮಾಮಾ ಫೋನ್ ಮಾಡಿದರು. ನಾನು ಶಾಲೆಯಲ್ಲಿ ಕಲಿಸುವವನಾದ್ದರಿಂದ ಅವರು ನನ್ನನ್ನು ಕರೆಯುವುದೇ ಹಾಗೆ: "ಮಾಸ್ತರ, ಹೋಗೂಣೇನು?"

ಯಾಕೆ ಕರೆಯುತ್ತಿದ್ದಾರೆಂಬುದು ನನಗೆ ಗೊತ್ತಿತ್ತು. ಹಿಂದಿನ ವಾರವೇ ಅಕ್ಕನ ಮಗಳು ಗುಟ್ಟು ಬಿಟ್ಟಿದ್ದಳು. ಶಿರವಾಳದಲ್ಲಿ ಕುಪ್ಪಸ ಹೊಲಿಯುವ ಒಬ್ಬ ಹೆಣ್ಣುಮಗಳಿದ್ದಾಳೆ, ಗಂಡ ಸತ್ತು ಬಹಳ ವರ್ಷವಾಗಿದೆ, ಅಪ್ಪ ಅವಳನ್ನು ಲಗ್ನವಾಗಬೇಕೆಂದಿದ್ದಾರೆ, ಆದರೆ ನಿನ್ನನ್ನು ಕೇಳಲು ಹೆದರುತ್ತಿದ್ದಾರೆ ಎಂದು. ಹೆದರಿಕೆಗೆ ಕಾರಣವಿತ್ತು. ನಮ್ಮ ಮನೆತನಗಳಲ್ಲಿ ಎರಡನೆಯ ಹೆಂಡತಿ ಲಗ್ನವಾದ ಮೇಲೆ ಮೊದಲು ಕಾಲಿಡುವುದು ತೀರಿಹೋದವಳ ತವರಿಗೆ. ಅಲ್ಲಿ ಅವಳಿಗೆ ಉಡಿ ತುಂಬಿ, ಮಗಳೆಂದು ಕರೆಯಬೇಕು. ಕರೆಯದಿದ್ದರೆ ಆ ಲಗ್ನಕ್ಕೆ ಕಳೆಯಿಲ್ಲ, ಬಂದವಳಿಗೆ ನೆಲೆಯಿಲ್ಲ. ನಮ್ಮ ಅಪ್ಪ ಅವ್ವ ಇಬ್ಬರೂ ಹೋದ ಮೇಲೆ ಅಕ್ಕನ ತವರು ಎಂದು ಉಳಿದವನು ನಾನೊಬ್ಬನೇ.

ಬರುವುದಿಲ್ಲ ಎನ್ನಬಹುದಿತ್ತು. ಆದರೂ ಹೋದೆ. ಕೇಳಲಿ ನೋಡೋಣ, ಎಷ್ಟು ಧೈರ್ಯವಿದೆ ಎಂಬ ಸಿಟ್ಟಿನಿಂದಲೇ ಹೋದೆ.

ಬಸ್ಸಿನ ಮೇಲೆ ಸೈಕಲ್ ಕಟ್ಟಿಸಿಕೊಂಡು ಕಾರವಾರದಲ್ಲಿ ಇಳಿದೆವು. ನನ್ನದು ಗೇರಿನ ಸೈಕಲ್ಲು. ಮಾಮಾನದು ಟಪಾಲಿನ ಕಾಲದ ಅದೇ ಕರಿ ಸೈಕಲ್ಲು, ಹಿಂದೆ ಕ್ಯಾರಿಯರ್, ಅದರ ಮೇಲೆ ರೊಟ್ಟಿಯ ಗಂಟು. ಬಲಕ್ಕೆ ಕಡಲು, ಎಡಕ್ಕೆ ರಸ್ತೆಯವರೆಗೂ ಬಂದು ನಿಂತ ಗುಡ್ಡ. ಕಣ್ಣು ಹಾಯಿಸಿದಷ್ಟೂ ಹತ್ತಿ, ತೊಗರಿ, ಕಾಲುವೆಯ ಭತ್ತ ನೋಡಿದವರಿಗೆ ಅಲ್ಲಿ ಹತ್ತು ಮಾರು ಸಪಾಟು ನೆಲ ಸಿಕ್ಕರೆ ಪುಣ್ಯ. ಮಾಮಾ ಎಂಥ ಏರಿಗೂ ಇಳಿದು ತಳ್ಳುವವರಲ್ಲ. ಸೀಟಿನಿಂದ ಎದ್ದು ನಿಂತು, ರಸ್ತೆಯ ಈ ಅಂಚಿನಿಂದ ಆ ಅಂಚಿಗೆ ಹೊರಳಿಸುತ್ತ ಹತ್ತುತ್ತಿದ್ದರು. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಬಾರದು. ಅವರ ಅಂಗಿ ಬೆನ್ನಿಗೆ ಅಂಟುವುದನ್ನು ಹಿಂದಿನಿಂದ ನೋಡುತ್ತ ನನಗೆ ಒಂದು ಕೆಟ್ಟ ಸಮಾಧಾನವಾಗುತ್ತಿತ್ತು.

ಹಿಂದೆ ಇರುವುದರಲ್ಲಿ ಇನ್ನೊಂದು ಅನುಕೂಲವಿತ್ತು. ಬೆನ್ನ ಹಿಂದಿರುವವನನ್ನು ಯಾರೂ ಏನೂ ಕೇಳಲಾರರು. ಮಾಮಾ ಆಗಾಗ ವೇಗ ತಗ್ಗಿಸಿ ನನಗೆ ಪಕ್ಕದಲ್ಲಿ ಜಾಗ ಬಿಡುತ್ತಿದ್ದರು. ನಾನೂ ತಗ್ಗಿಸುತ್ತಿದ್ದೆ. "ಮುಂದ ಬಾರೋ" ಎಂದರೆ "ನೀವು ನಡೀರಿ, ಹಿರ್ಯಾರು" ಎನ್ನುತ್ತಿದ್ದೆ. ರಾತ್ರಿ ಊಟವಾದ ಕೂಡಲೇ ಗೋಡೆಯ ಕಡೆ ಮುಖ ಮಾಡಿ ಮಲಗುತ್ತಿದ್ದೆ.

ಎರಡನೆಯ ದಿನ ಅಂಕೋಲಾದ ಆಚೆ, ಗಾಳಿಮರಗಳ ಕೆಳಗೆ ಗಂಟು ಬಿಚ್ಚಿದೆವು. ಮನೆಯಿಂದ ತಂದ ಖಡಕ್ ರೊಟ್ಟಿ ಕಡಲ ಗಾಳಿಗೆ ಮೆತ್ತಗಾಗಿ ಹೋಗಿತ್ತು. ನಮ್ಮೂರಲ್ಲಿ ತಿಂಗಳಿಟ್ಟರೂ ಪಟಪಟ ಮುರಿಯುವ ರೊಟ್ಟಿ ಅದು. ಮಾಮಾ ಅದನ್ನು ಅರಿವೆಯಂತೆ ಮಡಚಿ, ಶೇಂಗಾಹಿಂಡಿ ಸವರಿ ನನಗೆ ಕೊಟ್ಟು, "ನೋಡು ಮಾಸ್ತರ, ಇಲ್ಲಿ ಬಂದು ರೊಟ್ಟಿನೂ ತನ್ನ ಹಟಾ ಬಿಟ್ಟದ" ಎಂದರು. ನನಗೆ ನಗು ಬಂತು. ಬಂದದ್ದನ್ನು ನುಂಗಿಕೊಂಡೆ.

ಕುಮಟಾದಲ್ಲಿ ನಾನು ಮಾಡಿದ್ದನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ. ಚಹಾ ಕುಡಿಯಲು ನಿಂತಿದ್ದೆವು. ಹೋಟೆಲಿನವರು ನಮ್ಮ ಮಾತಿನ ಧಾಟಿ ಕೇಳಿ ಯಾವ ಊರೆಂದು ವಿಚಾರಿಸಿದರು. ಆಮೇಲೆ ಮಾಮಾನನ್ನು ತೋರಿಸಿ, "ಇವರು ನಿಮಗೆ ಎಂತ ಆಗ್ಬೇಕು?" ಎಂದು ನನ್ನನ್ನು ಕೇಳಿದರು. ಮಾಮಾ ಬಸಿಯಿಂದ ತಲೆಯೆತ್ತಿ ನನ್ನ ಮುಖ ನೋಡಿದರು.

"ಒಂದೇ ಕಡೆಯವರು" ಎಂದೆ.

ಅಕ್ಕನ ಲಗ್ನದಲ್ಲಿ ನನಗೆ ಮೊದಲ ಕೈಗಡಿಯಾರ ಕಟ್ಟಿದವರು ಅವರು. ಅಕ್ಕನ ಕೊನೆಯ ಎಂಟು ತಿಂಗಳು ಅವಳ ತಲೆ ಬಾಚಿ ಹೆರಳು ಹಾಕಿದವರೂ ಅವರೇ. ಮಾಮಾ ಬಸಿಯಲ್ಲಿ ಉಳಿದ ಚಹಾ ಕುಡಿದು ಎದ್ದರು. ಆ ದಿನ ಅವರು ನನಗಾಗಿ ಒಮ್ಮೆಯೂ ವೇಗ ತಗ್ಗಿಸಲಿಲ್ಲ.

ಮರುದಿನ ಹೊನ್ನಾವರ ಬಿಟ್ಟು, ಶರಾವತಿಯ ಸೇತುವೆ ದಾಟಿ, ಲಾರಿಗಳ ಕಾಟ ತಪ್ಪಿಸಲು ಒಂದು ಒಳರಸ್ತೆ ಹಿಡಿದೆವು. ಅದು ಕೆಂಪುಕಲ್ಲಿನ ಗುಡ್ಡವನ್ನು ನೆಟ್ಟಗೆ ಹತ್ತುತ್ತಿತ್ತು. ಮಾಮಾ ಎಂದಿನಂತೆ ಎದ್ದು ನಿಂತು ತುಳಿದರು. ಅರ್ಧ ಏರಿಗೆ ಬಂದಾಗ ಸೈಕಲ್ ನಿಲ್ಲಿಸಿ, ಇಳಿದು, ರಸ್ತೆಯ ಅಂಚಿಗೆ ಸರಿದು ನನ್ನ ಕಡೆ ತಿರುಗಿ ನಿಂತರು. ಉಸಿರು ಹತ್ತಿತೋ, ಚೈನು ಬಿತ್ತೋ ಎಂದು ಗಾಬರಿಯಾಯಿತು.

"ಏನಾತ್ರಿ ಮಾಮಾ?"

"ಏನೂ ಆಗಿಲ್ಲ. ನಿನ್ನ ಕೇಳಾಕ ಇಳದೀನಿ" ಎಂದರು. ಒಂದು ಕೈ ಹ್ಯಾಂಡಲ್ ಮೇಲಿತ್ತು. ಇನ್ನೊಂದು ಕೈಯಿಂದ ತಲೆಗೆ ಸುತ್ತಿದ್ದ ಟವೆಲ್ ಬಿಚ್ಚಿ ಹಿಡಿದಿದ್ದರು. ಹಿರಿಯರು ಎದುರಾದಾಗ ಕಿರಿಯರು ನಿಲ್ಲುವುದು ಹಾಗೆ. "ಮಗಳು ನಿನಗ ಹೇಳ್ಯಾಳಂತ ಗೊತ್ತದ. ಈ ಮಾತಿನಾಗ ನೀನ ಹಿರ್ಯಾ. ಆಕಿ ತವರಮನಿ ನೀನು. ಹ್ಞೂಂ ಅನ್ನು, ಇಲ್ಲಾ ಬ್ಯಾಡನ್ನು. ಬ್ಯಾಡಂದ್ರ ಬಿಡ್ತೀನಿ. ಹಿಂದಿಂದ ಬರಬ್ಯಾಡ."

ನಾನು ಒಂದು ಕಾಲು ನೆಲಕ್ಕೂರಿ ಇನ್ನೂ ಸೀಟಿನ ಮೇಲೆಯೇ ಇದ್ದೆ. ಅರವತ್ತು ದಾಟಿದ ಮಾಮಾ ಕೆಳಗೆ, ನಾನು ಮೇಲೆ. ಅವಸರದಲ್ಲಿ ಇಳಿಯಲು ಹೋಗಿ ಪೆಡಲು ಮೊಳಕಾಲಿನ ಕೆಳಗೆ ತರಚಿತು. ಆ ಉರಿಯಲ್ಲಿಯೇ, ಇಷ್ಟು ದಿನ ಹಲ್ಲು ಕಚ್ಚಿ ಹಿಡಿದಿದ್ದ ಮಾತು ಹೊರಗೆ ಬಿತ್ತು.

"ಅಕ್ಕನ್ನ ಮರತ್ರೇನ್ರಿ?"

"ಮರತಿದ್ರ ನಿನ್ನ ಯಾಕ ಕೇಳ್ತಿದ್ದೆ?"

ಉಳಿದ ಏರನ್ನು ಇಬ್ಬರೂ ಸೈಕಲ್ ತಳ್ಳುತ್ತ, ಪಕ್ಕಪಕ್ಕದಲ್ಲಿ ನಡೆದು ಹತ್ತಿದೆವು. ಮೇಲೆ ಹೋದ ಮೇಲೆ ಗಾಳಿ ಬಡಿಯಿತು, ಕಡಲು ಪೂರ್ತಿ ಕಂಡಿತು. ಮಾಮಾ ಅದನ್ನು ನೋಡಲಿಲ್ಲ, ನನ್ನನ್ನೇ ನೋಡುತ್ತಿದ್ದರು. "ಕರ್ಕೊಂಡು ಬರ್ರಿ ಮನಿಗೆ" ಎಂದೆ. ದೊಡ್ಡ ಮನಸ್ಸಿನಿಂದ ಹೇಳಿದ ಮಾತಲ್ಲ ಅದು. ಅಂಥವರನ್ನು ಏರಿನಲ್ಲಿ ಇಳಿಸಿದೆನಲ್ಲ ಎಂಬ ನಾಚಿಕೆಯಿಂದ ಬಂದದ್ದು. ಭಟ್ಕಳದವರೆಗೆ ಒಮ್ಮೆ ಅವರು ಮುಂದೆ, ಒಮ್ಮೆ ನಾನು.

ಲಗ್ನವಾದ ವಾರದೊಳಗೆ ಅವರು ಸುರಪುರಕ್ಕೆ ಬಂದರು. ನಾನು ಶಾಲೆ ಬಿಟ್ಟು ಮನೆಗೆ ಹೊರಟಿದ್ದೆ. ನಮ್ಮ ಓಣಿಯ ಏರಿನಲ್ಲಿ ಮಾಮಾ ಮುಂದೆ ನಡೆಯುತ್ತಿದ್ದರು. ಅವರ ಹಿಂದೆ ಹೊಸ ಸೀರೆಯ ಸೆರಗು ಹೊದ್ದ ಆಕೆ, ಕೈಯಲ್ಲೊಂದು ಭಾರದ ಚೀಲ ಹಿಡಿದು, ಇದೇ ಮನೆಯೋ ಅದೋ ಎಂದು ಪ್ರತಿ ಬಾಗಿಲನ್ನೂ ನೋಡುತ್ತ ಹೋಗುತ್ತಿದ್ದಳು. ನನಗಿಂತ ಆರು ವರ್ಷ ಚಿಕ್ಕವಳು. ಅಕ್ಕ ನೆನಪಾದಳು. ಸೈಕಲ್ ಇಳಿದೆ. ತಳ್ಳಿಕೊಂಡು ಅವಳ ಪಕ್ಕಕ್ಕೆ ಹೋಗಿ, ಹ್ಯಾಂಡಲ್ ಮುಂದೆ ಮಾಡಿದೆ.

"ಅಕ್ಕಾ, ಚೀಲ ಇದಕ್ಕ ಹಾಕು" ಎಂದೆ.