ವಾಲ್ವ್ ತಲೆಗೇರಿದ ಮೇಸ್ತ್ರಿ

ಮೋಟಾರು ಗಾಡಿ ಕಂಡರೆ ಕುದುರೆಗಳು ಬೆದರುತ್ತಿದ್ದ ಕಾಲ. ಕಾರು ಕಟ್ಟುವ ಕಾರ್ಖಾನೆಯೊಂದರಲ್ಲಿ ಅವನು ಎಂಜಿನ್ ಮೇಸ್ತ್ರಿ. ಕೈ ಚುರುಕು, ಬಾಯಿ ಅದಕ್ಕಿಂತ ಚುರುಕು.

ಆಗಿನ ಎಂಜಿನ್‌ಗಳಲ್ಲಿ ವಾಲ್ವ್ ಎಂಬ ಪುಟ್ಟ ಬಾಗಿಲುಗಳು ಸಿಲಿಂಡರಿನ ಪಕ್ಕದಲ್ಲಿರುತ್ತಿದ್ದವು. ಹಿತ್ತಲ ಸಂದಿಯಿಂದ ನುಸುಳಿ ಬರುವ ನೆಂಟರ ಹಾಗೆ ಗಾಳಿ, ಪೆಟ್ರೋಲು ಸುತ್ತಿಬಳಸಿ ಒಳಬರಬೇಕಿತ್ತು. ಮೇಸ್ತ್ರಿ ವಾಲ್ವ್‌ಗಳನ್ನು ಕಿತ್ತು ಸಿಲಿಂಡರಿನ ನೆತ್ತಿಯ ಮೇಲೆ ಕೂರಿಸಿದ. ಅದೇ ಸಿಲಿಂಡರಿಗೆ ಎಲ್ಲಿಲ್ಲದ ಬಲ ಬಂತು.

ಯಜಮಾನರಿಗೆ ಎಂಜಿನ್ನಿಗಿಂತ ತಮ್ಮ ಬಿಳಿ ಕೋಟಿನ ಮೇಲೆ ಅಕ್ಕರೆ. "ಕಾಲಲ್ಲಿರೋ ಚಪ್ಪಲೀನ ತಲೆ ಮೇಲೆ ಇಟ್ಕೊಂಡ ಹಾಗಿದೆಯಲ್ಲಯ್ಯಾ" ಎಂದು ನಕ್ಕರು.

"ಒಂದ್ಸಲ ಗುಡ್ಡ ಹತ್ತಿ ನೋಡಿ ಸ್ವಾಮಿ, ಆಮೇಲೆ ನಗಿ."

ಉಳಿದ ಕಾರುಗಳನ್ನು ಆಳುಗಳು ತಳ್ಳಿ ಹತ್ತಿಸಬೇಕಿದ್ದ ಗುಡ್ಡವನ್ನು ಯಜಮಾನರನ್ನು ಹೊತ್ತ ಅವನ ಕಾರು ಗುರ್ರೆನ್ನುತ್ತ ಏರಿತು. ಆದರೆ ಹೊರಗೆ ತೆರೆದುಕೊಂಡು ಕುಣಿಯುತ್ತಿದ್ದ ವಾಲ್ವ್‌ಗಳು ದಾರಿಯುದ್ದಕ್ಕೂ ಎಣ್ಣೆ ಚಿಮ್ಮಿಸಿದವು. ತುದಿ ಮುಟ್ಟುವಷ್ಟರಲ್ಲಿ ಯಜಮಾನರು ಮೀಸೆಯಿಂದ ಮಂಡಿಯವರೆಗೆ ಕರ್ರಗಾಗಿದ್ದರು. ಗುಡ್ಡ ಹತ್ತಿದ್ದು ಅವರಿಗೆ ಕಾಣಲೇ ಇಲ್ಲ, ಕಣ್ಣಲ್ಲೂ ಎಣ್ಣೆಯಿತ್ತು. ಎಂಜಿನ್ ಗುಜರಿಗೆ ಹೋಯಿತು.

"ಅದಕ್ಕೊಂದು ಮುಚ್ಚಳ ಹಾಕಿದ್ರೆ ಆಗ್ತಿರ್ಲಿಲ್ವಾ?" ಎಂದಳು ಹೆಂಡತಿ.

"ಎಂಜಿನ್ ಅಂದ್ರೆ ಬಾಣಲೆ ಅಂದ್ಕೊಂಡ್ಯಾ?" ಎಂದು ಅವಳ ಬಾಯಿ ಮುಚ್ಚಿಸಿದ.

ತನ್ನ ಬಾಯಿ ಮುಚ್ಚಲಿಲ್ಲ. ಕ್ಷೌರದಂಗಡಿಯಲ್ಲಿ ಕೂತು ಕಂಡಕಂಡವರಿಗೆ ಎಂಜಿನ್ ಬಿಡಿಸಿ ಹೇಳಿದ. ಪಕ್ಕದ ಕುರ್ಚಿಯಲ್ಲಿ ಮುಖಕ್ಕೆ ನೊರೆ ಹಚ್ಚಿಸಿಕೊಂಡಿದ್ದವನೊಬ್ಬ ಕಿವಿಗೊಟ್ಟು ಕೇಳಿದ. ಹಿಗ್ಗಿದ ಮೇಸ್ತ್ರಿ ಕನ್ನಡಿಯ ಮೇಲೆ ನೊರೆಯಿಂದಲೇ ಚಿತ್ರ ಬರೆದು ತೋರಿಸಿದ. ಆತ ಎದುರಾಳಿ ಕಾರ್ಖಾನೆಯವನೆಂದು ಕ್ಷೌರಿಕನಿಗೆ ಗೊತ್ತಿತ್ತು. ಆದರೆ ಮೇಸ್ತ್ರಿ ಅವನಿಗೆ ಮಾತಾಡಲು ಎಡೆ ಕೊಟ್ಟರೆ ತಾನೆ?

ಕೆಲವೇ ವರ್ಷಗಳಲ್ಲಿ ಎದುರಾಳಿಯ ಕಾರುಗಳು ಲೀಲಾಜಾಲವಾಗಿ ಗುಡ್ಡ ಏರತೊಡಗಿದವು. ನೆತ್ತಿಯ ಮೇಲೆ ವಾಲ್ವ್, ವಾಲ್ವ್ ಮೇಲೊಂದು ತಗಡಿನ ಮುಚ್ಚಳ. ಮತ್ತೊಬ್ಬ, ಮಗದೊಬ್ಬ ಎನ್ನುತ್ತ ಕಾರು ಕಟ್ಟುವವರೆಲ್ಲ ಅದನ್ನೇ ಹಿಡಿದರು. ಕೊನೆಗೆ ಯಜಮಾನರೂ ಅಂಥದೊಂದು ಕಾರು ತರಿಸಿ ಮೇಸ್ತ್ರಿಯ ಮುಂದೆ ನಿಲ್ಲಿಸಿದರು.

"ನೋಡಯ್ಯಾ, ತಲೆ ಅಂದ್ರೆ ಇದು! ಹೀಗೇ ಒಂದು ಮಾಡು."

ಮೇಸ್ತ್ರಿ ಬಾನೆಟ್ ಎತ್ತಿ ನೋಡಿದ. ತಾನು ಮಾಡಿದ್ದನ್ನು ತಾನೇ ನಕಲು ಮಾಡಲು ಕೂತ.

ಮುಪ್ಪಿನಲ್ಲಿ ಆ ಸಂಕಟ ಚಟವಾಗಿ ಕೈಗಿಳಿಯಿತು. ಬೀದಿಯಲ್ಲಿ ಯಾರ ಕಾರು ನಿಂತಿದ್ದರೂ ಬಾನೆಟ್ ಎತ್ತಿ "ಇದು ನಂದು" ಎನ್ನುತ್ತಿದ್ದ. ಒಮ್ಮೆ ಪೊಲೀಸಿನವನು ಕಳ್ಳನೆಂದು ಠಾಣೆಗೆ ಎಳೆದೊಯ್ದ. ಬಿಡಿಸಿಕೊಳ್ಳಲು ಹೆಂಡತಿ ಹೋದಳು.

"ಏನಮ್ಮಾ, ಬೀದೀಲಿರೋ ಕಾರೆಲ್ಲಾ ನಿಮ್ಮೆಜಮಾನ್ರದಂತೆ?"

"ಹೌದಪ್ಪಾ," ಎಂದಳು ಆಕೆ, "ನಾನು ಬಂದಿದ್ದು ಮಾತ್ರ ನಡ್ಕೊಂಡು. ಬೇಗ ಬಿಡು, ದೂರ ಹೋಗ್ಬೇಕು."