ಏಣಿ ಇಲ್ಲದ ಬಸ್ಸು

ಹೋದ ಗುರುವಾರ ಮುಂಜಾನೆ ಶಹಾಪುರದ ಬಸ್ ನಿಲ್ದಾಣದಲ್ಲಿ ಒಂದು ಸೈಕಲ್ ಹಿಡಿದುಕೊಂಡು ಸುರಪುರದ ಬಸ್ಸಿನ ಹಿಂದೆ ಹೋಗಿ ನಿಂತೆ. ಈಗಿನ ಬಸ್ಸುಗಳ ಹಿಂದೆ ಏಣಿ ಇರುವುದಿಲ್ಲ ಎಂದು ನನಗೆ ಗೊತ್ತು. ಆದರೆ ಮೂವತ್ತು ವರ್ಷ ಕಂಡಕ್ಟರಿಕೆ ಮಾಡಿದ ನನ್ನ ಕೈಗೆ ಇನ್ನೂ ಗೊತ್ತಾಗಿಲ್ಲ. ಅದು ತಾನಾಗಿಯೇ ಮೇಲೆದ್ದು ಏಣಿಯ ಸರಳು ಹುಡುಕಿತು. ಸಿಕ್ಕಿದ್ದು ಬಿಸಿ ತಗಡು.

ಕಂಡಕ್ಟರ್ ಬಂದ. ಇಸ್ತ್ರಿ ಮಾಡಿದ ಖಾಕಿ, ಕೊರಳಲ್ಲಿ ಸೀಟಿ. "ಯಜಮಾನ್ರ, ಸೈಕಲ್ಲಿಗಿ ಜಾಗ ಇಲ್ರಿ. ಬಿಟ್ಟು ಬರೋದಿದ್ರ ಹತ್ತರಿ, ಇಲ್ಲಂದ್ರ ಮುಂದಿನ ಗಾಡಿ ನೋಡ್ರಿ" ಎಂದು ಎರಡು ಸೀಟಿ ಊದಿದ. ಬಸ್ಸು ಹೋಯಿತು. ನನಗೆ ಸಿಟ್ಟು ಬರಬೇಕಾಗಿತ್ತು, ಬರಲಿಲ್ಲ. ಆ ಮಾತನ್ನು ಅದೇ ನಿಲ್ದಾಣದಲ್ಲಿ, ಹೆಚ್ಚು ಕಡಿಮೆ ಅದೇ ಜಾಗದಲ್ಲಿ ನಿಂತು ನಾನೇ ಒಬ್ಬರಿಗೆ ಹೇಳಿದ್ದೆ.

ಆಗ ಬಸ್ಸಿನ ತಲೆಯ ಮೇಲೆ ಇನ್ನೊಂದು ಬಸ್ಸಿನಷ್ಟು ಸಾಮಾನು ಹೋಗುತ್ತಿತ್ತು. ಮೆಣಸಿನಕಾಯಿ ಚೀಲ, ಹೊಸ ಮಂಚ, ಮದುವೆಯ ಪಾತ್ರೆ, ಒಮ್ಮೆ ಕೊಡೇಕಲ್ ಜಾತ್ರೆಗೆ ಹೊರಟ ಭಕ್ತರ ಎರಡು ಡೊಳ್ಳು. ಹಿಂದಿನ ಏಣಿ ಹತ್ತಿ ಅದನ್ನೆಲ್ಲ ಜೋಡಿಸುವುದರಲ್ಲಿ ನಾನು ಉಸ್ತಾದ ಎಂಬ ಹಮ್ಮು ನನಗಿತ್ತು. ಅದಕ್ಕಿಂತ ದೊಡ್ಡ ಹಮ್ಮು ಹೊತ್ತಿನದು. ನನ್ನ ಗಾಡಿ ನೋಡಿ ಜನ ಗಡಿಯಾರ ತಿದ್ದಿಕೊಳ್ಳುತ್ತಾರೆಂದು ಹೇಳಿಕೊಂಡು ತಿರುಗುತ್ತಿದ್ದೆ. ನಿಜವಾಗಿ ತಿದ್ದಿಕೊಳ್ಳುತ್ತಿದ್ದವನು ನಮ್ಮ ಡ್ರೈವರ್ ಒಬ್ಬನೇ.

ನಾನು ಹಾಗೆ ಹೇಳಿದ್ದು ನೀಲಮ್ಮನವರಿಗೆ. ಅವರು ಸರ್ಕಾರಿ ನರ್ಸು. ಪ್ರತಿ ಗುರುವಾರ ಲಸಿಕೆಯ ನೀಲಿ ಪೆಟ್ಟಿಗೆ ಹೆಗಲಿಗೆ ಹಾಕಿಕೊಂಡು, ಸೈಕಲ್ ನೂಕಿಕೊಂಡು ನನ್ನ ಬಸ್ಸಿಗೆ ಬರುತ್ತಿದ್ದರು. ಸುರಪುರದ ದಾರಿಯಲ್ಲಿ ಅರ್ಧ ಹೋದರೆ ಒಂದು ಕ್ರಾಸು. ಅಲ್ಲಿ ಬೇವಿನಮರ, ಅದರ ಕೆಳಗೆ ಕಟ್ಟೆ, ಅಷ್ಟೇ. ಊರುಗಳು ಒಳಗಿದ್ದವು. ಊರುಗಳೆಂದರೆ ದೊಡ್ಡಿಗಳು, ಹತ್ತಿಪ್ಪತ್ತು ಮನೆಯವು. ಮೊದಲನೆಯದೇ ನಾಲ್ಕು ಕಿಲೋಮೀಟರ್. ನೀಲಮ್ಮ ಕ್ರಾಸಿನಲ್ಲಿ ಇಳಿದು, ಬಸ್ಸಿನ ಮೇಲಿಂದ ಸೈಕಲ್ ಇಳಿಸಿಕೊಂಡು ಹೊರಡುತ್ತಿದ್ದರು. ಪೆಟ್ಟಿಗೆಯೊಳಗಿನ ಬರ್ಫು ಬಿಸಿಲಲ್ಲಿ ಯಾರಿಗಾಗಿಯೂ ಕಾಯುವುದಿಲ್ಲ. ತಾಯಂದಿರೂ ಕಾಯುವಂತಿರಲಿಲ್ಲ. ಹತ್ತು ಗಂಟೆಯ ತನಕ ಕೂಸುಗಳನ್ನು ಎತ್ತಿಕೊಂಡು ಕೂತಿರುತ್ತಿದ್ದರು, ಆಮೇಲೆ ಹತ್ತಿ ಬಿಡಿಸಲು ಹೊಲಕ್ಕೆ ಹೋಗಲೇಬೇಕು.

ಒಂದು ಗುರುವಾರ ಎಂಟು ನಿಮಿಷ ತಡವಾಗಿತ್ತು. ಏಣಿಯ ಹತ್ತಿರ ನೀಲಮ್ಮ ಸೈಕಲ್ ಹಿಡಿದು ನಿಂತಿದ್ದರು. "ಮ್ಯಾಲ ಜಾಗ ಇಲ್ಲವ್ವ. ಸೈಕಲ್ ಬಿಟ್ಟು ಬರ್ರಿ, ಇಲ್ಲಂದ್ರ ಮುಂದಿನ ಗಾಡಿಗಿ ಬರ್ರಿ" ಎಂದೆ. ಜಾಗ ಇತ್ತು. ನಿಮಗೆ ಸುಳ್ಳು ಯಾಕೆ ಹೇಳಲಿ, ಬೇಕಾದಷ್ಟಿತ್ತು. ಏಣಿ ಹತ್ತಿ ಇಳಿಯುವ ಎರಡು ನಿಮಿಷ ನನಗೆ ಬೇಡವಾಗಿತ್ತು. ಅವರು ಸೈಕಲ್ಲನ್ನು ಚಹಾದಂಗಡಿಗೆ ಒರಗಿಸಿ, ಪೆಟ್ಟಿಗೆಯೊಡನೆ ಬಸ್ ಹತ್ತಿದರು. ಕ್ರಾಸಿನಲ್ಲಿ ಇಳಿದು ನಡೆಯತೊಡಗಿದರು. ನಾನು ಗೆದ್ದವನ ಹಾಗೆ ಎರಡು ಸೀಟಿ ಹೊಡೆದೆ.

ಮಧ್ಯಾಹ್ನದ ಹೊತ್ತಿಗೆ ಎರಡನೇ ಟ್ರಿಪ್ಪಿನಲ್ಲಿ ಶಹಾಪುರಕ್ಕೆ ವಾಪಸು ಬರುವಾಗ ಅವರು ಕಟ್ಟೆಯ ಮೇಲೆ ಕೂತಿದ್ದರು. ಸೀರೆಯ ಅಂಚಿಗೆಲ್ಲ ಕೆಂಪು ಧೂಳು. ಬಸ್ ಹತ್ತಿ ನನ್ನ ಪಕ್ಕದ ಸೀಟಿನಲ್ಲಿ ಕೂತರು.

"ಆತೇನ್ರಿ ಕೆಲಸ?" ಎಂದು ಕೇಳಿದೆ.

"ಹನ್ನೊಂದು ಕೂಸು ಇದ್ವು. ಮೂರಕ್ಕ ಹಾಕೀನಿ. ಉಳದವರು ಹೊಲಕ್ಕ ಹೋಗಿದ್ರು." ಆಮೇಲೆ ಸಿಟ್ಟಿಲ್ಲದೆ, ದಾರಿ ತಿಳಿಸಿದ ಹಾಗೆ ಹೇಳಿದರು: "ನಿಮ್ಮ ಗಾಡಿ ಹೊತ್ತಿಗಿ ಸರಿಯಾಗಿ ಮುಟ್ಟತದ ಸಾಹೇಬ್ರ. ಆದ್ರ ಕ್ರಾಸಿಗಿ ಮುಟ್ಟತದ, ಊರಿಗಿ ಮುಟ್ಟಂಗಿಲ್ಲ."

ಬೈದಿದ್ದರೆ ಚೆನ್ನಾಗಿತ್ತು, ನಾನೂ ತಿರುಗಿ ಬೈಯುತ್ತಿದ್ದೆ. ಆ ಎಂಟು ಕೂಸುಗಳು ಅವತ್ತು ರಾತ್ರಿಯ ಊಟದ ತಾಟಿಗೂ ಬಂದು ಕೂತವು. ನಾಚಿಕೆ ಅಂದರೆ ಏನೆಂದು ಆವರೆಗೆ ನನಗೆ ಸರಿಯಾಗಿ ಗೊತ್ತಿರಲಿಲ್ಲ.

ನಮ್ಮ ಮನೆಯ ಗೋಡೆಗೆ ನಮ್ಮ ಮಾವ ಕೊಟ್ಟ ಸೈಕಲ್ ಒರಗಿ ನಿಂತಿತ್ತು. ಕಂಡಕ್ಟರ್ ಆದ ಮೇಲೆ ನಾನು ಅದನ್ನು ಹತ್ತಿರಲಿಲ್ಲ. ಮರುದಿನ ಅದನ್ನು ಹೊರಗೆ ತಂದಾಗ ಹೆಂಡತಿ, "ನಮ್ಮಪ್ಪ ಕೊಟ್ಟಿದ್ದು ಭಾರ ಆಗ್ಯಾದೇನು?" ಎಂದು ಸೊಂಟದ ಮೇಲೆ ಕೈಯಿಟ್ಟಳು. ನರ್ಸಮ್ಮನ ವಿಷಯ ಹೇಳಿ, ಇದನ್ನು ಕ್ರಾಸಿನಲ್ಲೇ ಇಟ್ಟರೆ ವಾರವಾರ ಸೈಕಲ್ ಬಸ್ಸಿಗೆ ಏರಿಸಿ ಇಳಿಸುವುದು ತಪ್ಪುತ್ತದೆ ಎಂದೆ. ಸ್ವಲ್ಪ ಯೋಚಿಸಿ, "ಗಂಡಸರ ಸೈಕಲ್ ಒಯ್ದು ಕೊಟ್ರ ಆಕಿ ಸೀರಿ ಉಟ್ಟು ಹ್ಯಾಂಗ ಹತ್ತಬೇಕು? ಮುಂದಿನ ದಂಡಿ ಕೊಯ್ಸಿರಿ" ಎಂದಳು. ವೆಲ್ಡಿಂಗ್ ಅಂಗಡಿಯವನು ತಲೆ ಕೆರೆದುಕೊಂಡ. "ಗಂಡ್ ಸೈಕಲ್ ಹೆಣ್ ಮಾಡೋದು ನನಗ ಇದೇ ಮೊದಲ ನೋಡ್ರಿ" ಎನ್ನುತ್ತ ಮೇಲಿನ ಕೊಳವೆ ಕೊಯ್ದು, ಕೆಳಗೆ ಓರೆಯಾಗಿ ಬೆಸೆದುಕೊಟ್ಟ. ಅದು ಸುಂದರವಾಗಿತ್ತೆಂದು ಹೇಳಲಾರೆ, ಆದರೆ ಓಡುತ್ತಿತ್ತು.

ಮುಂದಿನ ಗುರುವಾರ ಅದು ನನ್ನ ಬಸ್ಸಿನ ಮೇಲೆ ಮೊದಲ ಮತ್ತು ಕಡೆಯ ಸಲ ಏರಿತು. ಕ್ರಾಸಿನಲ್ಲಿ ಬೇವಿನಮರಕ್ಕೆ ಸರಪಳಿ ಹಾಕಿ ಕಟ್ಟಿದೆವು. ಕೀಲಿಕೈ ಕಟ್ಟೆಯ ಸಡಿಲ ಕಲ್ಲಿನ ಕೆಳಗೆ. ಅವತ್ತು ಉಳಿದಿದ್ದ ಎಂಟಕ್ಕೆ ಎಂಟು ಕೂಸುಗಳೂ ಸೂಜಿಗೆ ಅತ್ತವೆಂದು ನೀಲಮ್ಮ ನಗುತ್ತ ಹೇಳಿದರು. ನಾನೂ ಜೋರಾಗಿ ನಕ್ಕೆ.

ಕಲ್ಲಿನ ಗುಟ್ಟು ಒಂದು ತಿಂಗಳೂ ಉಳಿಯಲಿಲ್ಲ. ಒಂದು ಗುರುವಾರ ನೋಡುತ್ತೇವೆ, ಮರಕ್ಕೆ ಬರೀ ಸರಪಳಿ ಜೋತುಬಿದ್ದಿದೆ. ಯಾರೋ ಕದ್ದರೆಂದುಕೊಂಡೆ. ಅಷ್ಟರಲ್ಲಿ ಗಾಡಿದಾರಿಯಲ್ಲಿ ಧೂಳೆದ್ದು, ಹಿಟ್ಟಿನ ಚೀಲ ಹೇರಿದ ಸೈಕಲ್ ನೂಕಿಕೊಂಡು ಒಬ್ಬ ಮುದುಕ ಓಡೋಡಿ ಬಂದ. "ಗುರುವಾರ ಅನ್ನೋದು ಮರ್ತಿದ್ದೆ ನನ್ನವ್ವ, ಗಿರಣಿಗಿ ಒಯ್ದಿದ್ದೆ" ಎಂದು ಚೀಲ ಇಳಿಸಿದ. ಆಮೇಲೆ ಅದೇ ಕಾನೂನಾಯಿತು. ಗುರುವಾರ ನರ್ಸಮ್ಮನದು, ಉಳಿದ ದಿನ ಬಸ್ ಇಳಿದವರದು. ಯಾರೂ ಬರೆಯಲಿಲ್ಲ, ಯಾರೂ ಕದಿಯಲಿಲ್ಲ. ಪಂಕ್ಚರ್ ಆದರೆ ಕೊನೆಗೆ ಒಯ್ದವರು ಹಾಕಿಸುತ್ತಿದ್ದರು. ಬೆಸೆದ ಕೊಳವೆ ಎರಡನೇ ಸಲ ಮುರಿಯುವ ತನಕ, ಎಷ್ಟೋ ವರ್ಷ, ಹಾಗೇ ನಡೆಯಿತು. ಅಷ್ಟರಲ್ಲಿ ನೀಲಮ್ಮನವರಿಗೆ ವರ್ಗವಾಗಿತ್ತು, ನನಗೆ ರೂಟು ಬದಲಾಗಿತ್ತು.

ಇದೆಲ್ಲ ಮರೆತೇಹೋಗಿತ್ತು. ಹೋದ ತಿಂಗಳು ಯಾದಗಿರಿಯಲ್ಲಿ ನಗರ ಯೋಜನೆಯ ಸಭೆ ಇತ್ತು. ನಿವೃತ್ತನಿಗೆ ಸಭೆಯೂ ಒಂದೇ, ಸಂತೆಯೂ ಒಂದೇ, ಹೋಗಿ ಕೂತೆ. ಯೋಜನೆ ಮಾಡುವ ತರುಣಿಯೊಬ್ಬಳು ಗೋಡೆಯ ಮೇಲೆ ಚಿತ್ರ ತೋರಿಸಿದಳು. ಅಗಲವಾದ ಕಾಲುದಾರಿ, ಸಾಲುಮರ, ಹಸಿರು ಬಣ್ಣದ ಸೈಕಲ್ ಹಾದಿ. ಆ ಚಿತ್ರದ ಜನಕ್ಕೆ ಬೆವರು ಬಂದ ಹಾಗೆ ಕಾಣಲಿಲ್ಲ. ಆದರೂ ಮಾತು ಒಪ್ಪುವಂಥದೇ ಇತ್ತು. "ಬಸ್ ಇಳಿದವರಿಗೆ ಅಲ್ಲೇ ಒಂದು ಸೈಕಲ್ ಸಿಗಬೇಕು. ಪ್ರಯಾಣ ಮುಗಿಯುವುದು ನಿಲ್ದಾಣದಲ್ಲಲ್ಲ, ಮನೆಯಲ್ಲಿ" ಎಂದಳು.

ನಾನು ಎದ್ದು ನಿಂತೆ. "ಇದು ನಮ್ಮ ಕಡಿ ಹಿಂದೇ ಆಗ್ಯಾದ ತಂಗಿ" ಎಂದು ಇಡೀ ಕತೆ ಹೇಳಿದೆ. ಜನ ಚಪ್ಪಾಳೆ ತಟ್ಟಿದರು. ಅವಳು ಕಣ್ಣರಳಿಸಿ ಕೇಳಿದಳು: "ಈಗಲೂ ಇದೆಯಾ ಸರ್?"

"ಇಲ್ಲ ತಂಗಿ" ಎಂದು ಕೂತೆ. ಕ್ರಾಸು ಈಗಲೂ ಅಲ್ಲೇ ಇದೆ. ಮನೆಗೊಂದು ಮೋಟರ್ ಸೈಕಲ್ ಬಂದಿದೆ ನಿಜ, ಅದನ್ನು ಗಂಡಸರು ಮುಂಜಾನೆಯೇ ಹತ್ತಿಕೊಂಡು ಹೋಗಿರುತ್ತಾರೆ. ಹೆಂಗಸರು ಬಸ್ ಇಳಿದು ನಡೆಯುತ್ತಲೇ ಇದ್ದಾರೆ. ನಮ್ಮ ಮೊಮ್ಮಗಳು ಬೆಳೆದ ಮೇಲೆ ಬಿಟ್ಟ ಸೈಕಲ್ ಮಾತ್ರ ನಮ್ಮ ಅದೇ ಗೋಡೆಗೆ ಒರಗಿತ್ತು.

ಅದನ್ನೇ ಹಿಡಿದುಕೊಂಡು ಹೋದ ಗುರುವಾರ ಏಣಿ ಇಲ್ಲದ ಬಸ್ಸಿನ ಹಿಂದೆ ನಿಂತಿದ್ದು. ಬಸ್ಸು ಹೋದ ಮೇಲೆ ಮನೆಗೆ ಮರಳಬಹುದಿತ್ತು. ಧೋತರ ಎತ್ತಿ ಕಟ್ಟಿ ಹತ್ತಿಯೇಬಿಟ್ಟೆ. ಲಾರಿಗಳು ಮೈ ಸವರಿಕೊಂಡು ಹೋದವು; ಸೈಕಲ್ಲಿಗೂ ಒಂದು ಹಾದಿ ಬೇಕೆಂಬುದು ಚಿತ್ರ ನೋಡಿದಾಗ ತಿಳಿದದ್ದಕ್ಕಿಂತ ಅಲ್ಲಿ ಚೆನ್ನಾಗಿ ತಿಳಿಯಿತು. ಮೂರು ಕಡೆ ಕೂತು ನೀರು ಕುಡಿದು, ಕ್ರಾಸು ಮುಟ್ಟಿದೆ. ರಸ್ತೆ ಅಗಲವಾಗಿ ಬೇವಿನಮರ ಹೋಗಿದೆ, ತಗಡಿನ ನೆರಳೊಂದು ಬಂದಿದೆ. ಅದರ ಕಂಬಕ್ಕೆ ಸೈಕಲ್ಲನ್ನು ಸರಪಳಿ ಹಾಕಿ ಕಟ್ಟಿ, ಕೀಲಿಕೈಗೆಂದು ಪಕ್ಕದಲ್ಲಿ ಒಂದು ಕಲ್ಲು ತಂದಿಟ್ಟೆ.

ಅಷ್ಟರಲ್ಲಿ ಒಂದು ಬಸ್ಸು ನಿಂತು, ಔಷಧದ ಚೀಲ ಹಿಡಿದ ಒಬ್ಬ ಹೆಣ್ಣುಮಗಳು ಇಳಿದಳು. "ಯಾರದ್ರಿ ಸೈಕಲ್?"

"ಈ ಕ್ರಾಸಿಂದು. ಹೊಡಿಲಿಕ್ಕ ಬರ್ತದೇನವ್ವ?"

"ಎಂಟನೇ ಕ್ಲಾಸಿನ್ಯಾಗ ಸರ್ಕಾರ ಕೊಟ್ಟ ಸೈಕಲ್ ಹೊಡದೀನ್ರಿ. ಒಯ್ಲೇನು?"

"ಒಯ್ಯಿ. ಸಂಜಿಗಿ ತಂದಿಡು, ಕೀಲಿಕೈ ಈ ಕಲ್ಲಿನ ಬುಡಕ."

ಅವಳು ಒಮ್ಮೆ ನನ್ನ ಮುಖ ನೋಡಿ, ಸೆರಗು ಸಿಕ್ಕಿಸಿ, ಚೀಲ ಹ್ಯಾಂಡಲ್ಲಿಗೆ ತೂಗುಹಾಕಿ ಹೊರಟಳು. ಮೊದಲು ಸ್ವಲ್ಪ ಓಲಾಡಿದಳು, ಆಮೇಲೆ ನೆಟ್ಟಗೆ ಹೋದಳು.

ಸುರಪುರದಿಂದ ಮರಳುವ ಬಸ್ಸಿಗೆ ಕೈ ಮಾಡಿದೆ. ಮುಂಜಾನೆಯ ಅದೇ ಕಂಡಕ್ಟರ್. ಬಾಗಿಲಲ್ಲಿ ಬಗ್ಗಿ ನನ್ನ ಸುತ್ತ ಹುಡುಕಿ ನೋಡಿದ.

"ಸೈಕಲ್ ಎಲ್ಲಿ ಯಜಮಾನ್ರ? ಕಳಕೊಂಡ್ರೇನು?"

"ಅದು ಊರಿಗಿ ಮುಟ್ಟ್ಯಾದಪ್ಪ," ಎಂದು ಹತ್ತಿ ಕೂತೆ. "ನೀ ಸೀಟಿ ಊದು."