ತಲುಪುವ ತನಕ ಗುಡಿಸಬಾರದು

ಮನೆಯಿಂದ ಯಾರಾದರೂ ಪ್ರಯಾಣ ಹೊರಟರೆ, ಅವರು ತಲುಪಿದ ಸುದ್ದಿ ಬರುವ ತನಕ ಕಸ ಗುಡಿಸಬಾರದು ಎಂಬುದು ನಮ್ಮತ್ತೆಯ ಶಾಸ್ತ್ರ. ಗುಡಿಸಿದರೆ ಹೋದವರನ್ನೇ ಗುಡಿಸಿ ಹಾಕಿದಂತಂತೆ. ಸುಗಟೂರಿನಿಂದ ಕೋಲಾರಕ್ಕೆ ಹೋದವರಾದರೆ ಬಸ್ಸಿಳಿದು ಒಂದು ಫೋನು ಮಾಡಿದರೆ ಮುಗಿಯಿತು. ಅಷ್ಟು ತಾಳ್ಮೆಯೂ ನನಗಿರಲಿಲ್ಲ. ನೆಲದ ಮೇಲೆ ಒಂದು ಹಿಪ್ಪುನೇರಳೆ ಎಲೆ ಬಿದ್ದಿದ್ದರೂ ನನಗೆ ಊಟ ಸೇರುವುದಿಲ್ಲ. ಗಂಡ ಬೀದಿ ತಿರುಗುವ ಮೊದಲೇ ನನ್ನ ಕೈಯಲ್ಲಿ ಪೊರಕೆ, ಅತ್ತೆಯ ಮುಖ ದಪ್ಪ. ಈ ವಿಷಯದಲ್ಲಿ ನಾವಿಬ್ಬರೂ ಎಣ್ಣೆ ಸೀಗೆಕಾಯಿ.

ಈ ವರ್ಷ ಅತ್ತೆಯೇ ಹೊರಟರು. ಆಕ್ಲೆಂಡಿನಲ್ಲಿ ನರ್ಸ್ ಆಗಿರುವ ನನ್ನ ನಾದಿನಿಗೆ ಮಗು ಹುಟ್ಟಿತ್ತು, ಬಾಣಂತನಕ್ಕೆ ಅಮ್ಮನೇ ಬೇಕಿತ್ತು. ಅತ್ತೆ ತಿರುಪತಿಯಿಂದಾಚೆ ಕಂಡವರಲ್ಲ.

"ಎಷ್ಟು ದೂರ ಕಣೇ?" ಎಂದು ಕೇಳಿದರು.

ಫೋನಿನಲ್ಲಿ ನೋಡಿ, ಬೆಂಗಳೂರಿನಿಂದ ಹನ್ನೊಂದೂವರೆ ಸಾವಿರ ಕಿಲೋಮೀಟರ್ ಎಂದೆ. ಅದು ನೇರ ಗೆರೆ ಎಳೆದರೆ ಬರುವ ದೂರ. ನೇರ ವಿಮಾನ ಸಿಗಲಿಲ್ಲ. ಸಿಂಗಾಪುರದಲ್ಲಿ ಇಳಿದು, ಕಾದು, ಇನ್ನೊಂದು ಹತ್ತಬೇಕು. ರಾತ್ರಿ ಹೊರಟರೆ ತಲುಪುವಾಗ ನಮ್ಮ ಮರುದಿನದ ಮಧ್ಯಾಹ್ನವಾಗುತ್ತದೆ.

ಹೊರಡುವ ಸಂಜೆ ಅತ್ತೆ ತಾವೇ ಮನೆಯೆಲ್ಲ ಗುಡಿಸಿ ಪೊರಕೆಯನ್ನು ಬಾಗಿಲ ಹಿಂದಿಟ್ಟರು. "ನಿನಗೆ ಇದರಲ್ಲಿ ನಂಬಿಕೆ ಇಲ್ಲ, ಗೊತ್ತು. ಗುಡಿಸ್ಕೊ, ನಾನೇನೂ ಅಂದ್ಕೊಳ್ಳಲ್ಲ" ಎಂದರು. ಆಮೇಲೆ ನನ್ನ ಮಗಳ ತಲೆ ಸವರುತ್ತಾ ತೆಲುಗಿನಲ್ಲಿ ಏನೋ ಹೇಳಿಕೊಂಡರು. ಮನಸ್ಸು ತುಂಬಿ ಬಂದಾಗ ಅವರಿಗೆ ತವರಿನ ತೆಲುಗೇ ಬಾಯಿಗೆ ಬರುವುದು. ನನ್ನ ಹತ್ತಿರ ಮಾತ್ರ ಯಾವತ್ತೂ ಕನ್ನಡ.

ಬೆಳಿಗ್ಗೆ ಎದ್ದು ಪೊರಕೆ ಹಿಡಿದು ಬಗ್ಗಿದೆ. ಕೈ ಏಳಲಿಲ್ಲ. ಯಾವುದೋ ಸಮುದ್ರದ ಮೇಲೆ, ಬೆಲ್ಟು ಬಿಚ್ಚಲು ಬಾರದೆ, ಕೊಟ್ಟ ಊಟ ಮುಟ್ಟದೆ ಕೂತಿರುವ ನಮ್ಮತ್ತೆ ಕಣ್ಣ ಮುಂದೆ ಬಂದರು. ಶಾಸ್ತ್ರದಲ್ಲಿ ನನಗೆ ಈಗಲೂ ನಂಬಿಕೆಯಿಲ್ಲ. ಆದರೆ ಹೆದರಿಕೆಯಾಯಿತು. ಆಕೆಯ ಮೇಲೆ ನನಗಿಷ್ಟು ಪ್ರೀತಿ ಇದೆಯೆಂದು ಗೊತ್ತಾದದ್ದೇ ಆಗ.

ಗಂಡನ ಕಾಲಿಗಂಟಿ ರೇಷ್ಮೆಯ ಹುಳುಮನೆಯಿಂದ ಸೊಪ್ಪಿನ ಚೂರು ಬಂತು. ಮಗಳು ಪುರಿ ಚೆಲ್ಲಿದಳು. ನಾನೇ ಸುಲಿದ ಅವರೆಕಾಯಿ ಸಿಪ್ಪೆ ಗಾಳಿಗೆ ನಡುಮನೆ ಸೇರಿತು. ಮಜ್ಜಿಗೆ ಕೇಳಲು ಬಂದ ಪಕ್ಕದ ಮನೆಯಾಕೆ ಹೊಸ್ತಿಲಲ್ಲೇ ನಿಂತು, "ಏನಮ್ಮಾ, ಮೈ ಹುಷಾರಿಲ್ವಾ?" ಎಂದು ಕೇಳಿದಳು. ಹೌದು ಎಂದುಬಿಟ್ಟೆ.

ಮಧ್ಯಾಹ್ನ ಕಳೆದ ಮೇಲೆ ಫೋನು ಬಂತು.

"ತಲುಪಿದೆ ಕಣೇ. ಇಲ್ಲಿ ಆಗ್ಲೇ ಕತ್ತಲು" ಎಂದರು ಅತ್ತೆ. ಆಮೇಲೆ, "ಮನೆ ಹೇಗಿದೆ?" ಎಂದು ಕೇಳಿದರು.

"ಕಾಲಿಡೋಕಾಗಲ್ಲ ಅತ್ತೆ. ನೀವು ಹೋದಾಗಿನಿಂದ ಗುಡಿಸಿಲ್ಲ."

 

"ಇಂಕ ಊಡ್ಚುಕೋ ತಲ್ಲೀ" ಎಂದರು ಅತ್ತೆ. ಇನ್ನು ಗುಡಿಸಿಕೋ ತಾಯಿ ಎಂದು, ಮೊದಲ ಸಲ ನನಗೂ ತೆಲುಗಿನಲ್ಲಿ.